ಶುರು ಮಾಡೂದೊಂದ ಬಾಕಿ

ಇವನನ್ನು ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಗದಗಿನ ಕಡೆಯ ರೈಲು ಹತ್ತಿ ಅಣ್ಣಿಗೇರಿಯಲ್ಲಿ ಇಳಿದರೆ ಸಾಕು. ಪೇಟೆಯ ದಾರಿಯಲ್ಲಿ ಯಾವುದಾದರೊಂದು ಚಾದಂಗಡಿಯ ಬೆಂಚಿನ ಮೇಲೆ, ಪಕ್ಕಕ್ಕೆ ಗಿರಮಿಟ್ಟಿನ ಪ್ಲೇಟು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಒಬ್ಬ ಗಂಡಸು ಚಿಂತೆ ಮಾಡುತ್ತ ಕುಳಿತಿರುತ್ತಾನೆ. ವಯಸ್ಸು ಮೂವತ್ತರ ಆಚೀಚೆ. ಲ್ಯಾಪ್‌ಟಾಪಿನ ಬೆನ್ನಿಗೆ ಒಂದು ಪೆಂಗ್ವಿನ್ನು, ಒಂದು ಜೋಡಿ ಹಾವು, ಮತ್ತೆ ಅರ್ಧ ಬೆಕ್ಕು ಅರ್ಧ ಅಷ್ಟಪಾದಿಯ ಒಂದು ಚಿತ್ರ ಅಂಟಿಸಿರುತ್ತದೆ. ಸಾಲಿ ಬಿಟ್ಟ ಮೇಲೆ ಹುಡುಗರು ಆ ಬೆಕ್ಕು ನೋಡಲು ಬರುತ್ತಾರೆ. ಅವನೂ ಬೇಸರಿಸದೆ ಲ್ಯಾಪ್‌ಟಾಪ್ ತಿರುವಿ ತೋರಿಸುತ್ತಾನೆ. ಕೆಲಸ ಕೆಟ್ಟೀತೆಂಬ ಭಯವಿಲ್ಲ. ಕೆಲಸ ಇನ್ನೂ ಶುರುವೇ ಆಗಿಲ್ಲ.

ಊರವರು ಅವನನ್ನು ‘ಇಂಜಿನೇರ ಸಾಹೇಬ್ರ’ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಓದಿ, ಬೆಂಗಳೂರಿನಲ್ಲಿ ನೌಕರಿ ಹಿಡಿದು, 2020ರ ಲಾಕ್‌ಡೌನಿನಲ್ಲಿ ಬ್ಯಾಗು ಹೆಗಲಿಗೇರಿಸಿ ಊರಿಗೆ ಬಂದವರಲ್ಲಿ ಇವನೂ ಒಬ್ಬ. ಉಳಿದವರನ್ನು ಕಂಪನಿಗಳು ಒಬ್ಬೊಬ್ಬರನ್ನಾಗಿ ತಿರುಗಿ ಕರೆಸಿಕೊಂಡವು. ಇವನನ್ನು ಕರೆಯಲು ಮರೆತರೋ, ಇದ್ದಲ್ಲೇ ಇರಲಿ ಅಂದುಕೊಂಡರೋ ತಿಳಿಯದು. ಪಗಾರ ಮಾತ್ರ ತಿಂಗಳಾ ತಪ್ಪದೆ ಬರುತ್ತದೆ.

ಸ್ವಭಾವದಲ್ಲಿ ಇವನಷ್ಟು ನಿಷ್ಠಾವಂತರು ವಿರಳ. ಹಿಡಿದ ಕೆಲಸವನ್ನು ಎಂದೂ ಅರ್ಧಕ್ಕೆ ಬಿಟ್ಟವನಲ್ಲ, ಯಾಕೆಂದರೆ ಹಿಡಿಯುವುದರೊಳಗೇ ಅವನ ಹೊತ್ತು ಮುಗಿದಿರುತ್ತದೆ. ಮನೆಗೊಂದು ಇನ್ವರ್ಟರ್ ತರಬೇಕೆಂದು ಅವರಪ್ಪ ಹೇಳಿ ಬಹಳ ಕಾಲವಾಯಿತು. ಯಾವ ಬ್ಯಾಟರಿ ಒಳ್ಳೆಯದು ಎಂಬ ಸಂಶೋಧನೆ ನಡೆದೇ ಇದೆ. ಕರೆಂಟು ಹೋದಾಗ ಮನೆಮಂದಿಯೆಲ್ಲ ಕತ್ತಲಲ್ಲಿ ಕುಳಿತು ಕೊಳವೆ ಬ್ಯಾಟರಿಗೂ ಲಿಥಿಯಂ ಬ್ಯಾಟರಿಗೂ ಇರುವ ವ್ಯತ್ಯಾಸವನ್ನು ಅವನ ಬಾಯಿಂದ ಕೇಳುತ್ತಾರೆ. ಪೆನ್ನು ಕೊಂಡರೂ ಅಷ್ಟೇ, ಚಪ್ಪಲಿ ಕೊಂಡರೂ ಅಷ್ಟೇ. ಆದರೆ ಇವನ ಪ್ರತಿಭೆ ಪೂರ್ತಿ ಅರಳಿದ್ದು ಕಾಕಾನ ಉದ್ರಿ ಸಾಫ್ಟ್‌ವೇರಿನಲ್ಲಿ.

ಕಾಕಾನದು ಗೊಬ್ಬರದ ಅಂಗಡಿ. ಇವನಿಗೆ ಸ್ವಂತ ಕಾಕಾ, ಊರಿಗೆಲ್ಲ ಸುಮ್ಮನೆ ಕಾಕಾ. ಕಾರ ಹುಣ್ಣಿಮೆಯ ಹೊತ್ತಿಗೆ ಎರಿ ಹೊಲದವರು ಹೆಸರು ಬಿತ್ತಲು ಬೀಜ ಒಯ್ಯುತ್ತಾರೆ, ಡಿಎಪಿ ಒಯ್ಯುತ್ತಾರೆ. ರೊಕ್ಕ ಹೆಸರಿನ ರಾಶಿ ಆದ ಮೇಲೆ. ರಾಶಿಯ ಹೊತ್ತಿಗೆ ಮಳೆ ಹಿಡಿದು ಹೆಸರು ಕೆಟ್ಟರೆ ಹಿಂಗಾರಿ ಕಡಲೆಯ ಮೇಲೆ. ಕಡಲೆಯೂ ಕೈಕೊಟ್ಟರೆ ಬೆಳೆವಿಮೆಯ ಮೇಲೆ. ವಿಮೆ ಬರುವುದರೊಳಗೆ ಮತ್ತೆ ಕಾರ ಹುಣ್ಣಿಮೆ ಬಂದಿರುತ್ತದೆ. ಈ ಉದ್ರಿಯೆಲ್ಲ ಮೊದಲು ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದಲ್ಲಿತ್ತು. ಆಮೇಲೆ ಅಂಗಡಿಯ ಹುಡುಗ ಅದನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಏರಿಸಿದ. ಆ ಕಂಪ್ಯೂಟರನ್ನು ನಾನು ನೋಡಿದ್ದೇನೆ. ಪರದೆಯ ಮೇಲೆ ಕಡತಗಳು ಹೀಗೆ ಕುಳಿತಿದ್ದವು: ‘ಉದ್ರಿ’, ‘ಉದ್ರಿ ಹೊಸಾದು’, ‘ಉದ್ರಿ ಫೈನಲ್’, ‘ಉದ್ರಿ ಖರೇನ ಫೈನಲ್’, ‘ಉದ್ರಿ ಕಾಕಾ ನೋಡಿದ್ದು’, ‘ಉದ್ರಿ ಕಾಕಾ ನೋಡಬಾರದ್ದು’. ಕಾಕಾ ಇಡೀ ಹಿಂಗಾರಿ ಹಂಗಾಮು ವಸೂಲಿ ಮಾಡಿದ್ದು ಕೊನೆಯದನ್ನು ಬಿಟ್ಟು ಬೇರೆಲ್ಲದರಿಂದ ಎಂದು ತಿಳಿದ ದಿನ ಹುಡುಗನಿಗೆ ರಜೆ ಕೊಟ್ಟ, ಇಂಜಿನಿಯರ್‌ಗೆ ಚಹಾ ಹೇಳಿದ.

“ತಮ್ಮಾ, ಇಷ್ಟ ಓದೀಯಲ್ಲೋ, ಉದ್ರಿ ಇಡಾಕ ಒಂದ ಸಾಫ್ಟ್‌ವೇರ್ ಮಾಡಿಕೊಡು.”

“ಮಾಡೂಣಲ್ರಿ ಕಾಕಾ. ಅದೇನ ದೊಡ್ಡ ಮಾತಲ್ಲ. ಮೊದಲ ವರ್ಷನ್ ಕಂಟ್ರೋಲ್ ಯಾವದಂತ ಠರಾಯಿಸೂಣ. ಆಮ್ಯಾಲೆ ಬರೀ ಶುರು ಮಾಡೂದೊಂದ ಬಾಕಿ.”

ಕಾಕಾ ಸಮಾಧಾನದಿಂದ ಚಹಾ ಕುಡಿದ. ಅದು ರೋಹಿಣಿ ಮಳೆಯ ಕಾಲ.

ತಿಳಿಯದವರಿಗೆ ಎರಡು ಮಾತು. ಸಾಫ್ಟ್‌ವೇರ್ ಬರೆಯುವವರು ದಿನವೂ ತಿದ್ದುತ್ತಾರೆ. ಯಾರು, ಎಂದು, ಯಾವ ಸಾಲನ್ನು, ಯಾತಕ್ಕಾಗಿ ತಿದ್ದಿದರು ಎಂದು ಬರೆದಿಡುವ, ಕೆಟ್ಟರೆ ನಿನ್ನೆಯದಕ್ಕೆ ಮರಳಲು ಬಿಡುವ ಏರ್ಪಾಡಿಗೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಅದು ಇಲ್ಲದವರ ಗತಿ ‘ಉದ್ರಿ ಖರೇನ ಫೈನಲ್’. ಹಾಗಾಗಿ ನಮ್ಮವನು ಎತ್ತಿದ ಪ್ರಶ್ನೆ ತಪ್ಪೇನಲ್ಲ. ಅಷ್ಟೇ ಅಲ್ಲ, ಇವನು ಎತ್ತುವ ಯಾವ ಪ್ರಶ್ನೆಯೂ ತಪ್ಪಿರುವುದಿಲ್ಲ. ಅದೇ ತೊಂದರೆ.

ಒಂದು ವಾರವಾದ ಮೇಲೆ ಕಾಕಾ ವಿಚಾರಿಸಿದಾಗ ಅವನು 1972ನೇ ಇಸವಿಗೆ ತಲುಪಿದ್ದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬಾತ ಎಸ್‌ಸಿಸಿಎಸ್ ಕಟ್ಟಿದ ವರ್ಷ ಅದು. ಮುಂದಿನ ವಾರ 1982, ವಾಲ್ಟರ್ ಟಿಕಿಯ ಆರ್‌ಸಿಎಸ್. ಇವೆರಡನ್ನೂ ಈಗ ಹೊಸ ಕೆಲಸಕ್ಕೆ ಯಾರೂ ಹಿಡಿಯುವುದಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಬುನಾದಿ ಗೊತ್ತಿರಬೇಕ್ರಿ” ಅಂದ.

ಚಾದಂಗಡಿಯಲ್ಲಿ ಅವನ ಪ್ರವಚನಕ್ಕೆ ಮಂದಿ ಕೂಡತೊಡಗಿದ್ದು ಸಿವಿಎಸ್‌ನಿಂದ. ಅದರಲ್ಲಿ ಕಥೆ ಇದೆ. ಆಂಸ್ಟರ್‌ಡ್ಯಾಮಿನ ಒಬ್ಬ ಪ್ರಾಧ್ಯಾಪಕ, ಡಿಕ್ ಗ್ರೂನ್. ಜೊತೆಗೆ ಇಬ್ಬರು ವಿದ್ಯಾರ್ಥಿಗಳು. ಮೂವರೂ ಒಂದೇ ಕಂಪೈಲರ್ ಬರೆಯುತ್ತಿದ್ದರು, ಆದರೆ ಮೂವರ ಹೊತ್ತೂ ಬೇರೆ. ಒಬ್ಬರು ಬೀಗ ಹಾಕಿ ತಿದ್ದುತ್ತ ಕುಳಿತರೆ ಉಳಿದಿಬ್ಬರು ಕಾಯಬೇಕು. ಬೀಗವೇ ಬೇಡ, ಯಾರ್ಯಾರು ಯಾವಾಗ ಬೇಕಾದರೂ ತಿದ್ದಲಿ, ಆಮೇಲೆ ಕೂಡಿಸೋಣ ಎಂದು ಗ್ರೂನ್ ಮಾಡಿದ ಏರ್ಪಾಡು 1986ರಲ್ಲಿ ಲೋಕಕ್ಕೆ ಬಂತು.

“ಅಂದ್ರ ಮಾಸ್ತರ ಬಂದಾಗ ಹುಡುಗರಿಲ್ಲ, ಹುಡುಗರು ಬಂದಾಗ ಮಾಸ್ತರಿಲ್ಲ,” ಅಂದ ಚಹಾದವ. “ಅದಕ್ಕ ಆಂಸ್ಟರ್‌ಡ್ಯಾಂ ತನಾ ಯಾಕ ಹೋಗ್ಬೇಕ್ರಿ?”

ಆದರೆ ಇವನ ಕಥೆಗಳ ರಾಜನೆಂದರೆ 2005ರ ಏಪ್ರಿಲ್ ತಿಂಗಳು. ಅದನ್ನು ಹೇಳುವಾಗ ಲ್ಯಾಪ್‌ಟಾಪ್ ಮುಚ್ಚುತ್ತಾನೆ, ಕನ್ನಡಕ ಒರೆಸುತ್ತಾನೆ. ಲಿನಕ್ಸ್ ಕಟ್ಟಿದ ಲೈನಸ್ ಟೊರ್ವಾಲ್ಡ್ಸ್ 2002ರಿಂದ ಖಾಸಗಿ ಕಂಪನಿಯೊಂದರ ಬಿಟ್‌ಕೀಪರ್ ಎಂಬ ಸಾಫ್ಟ್‌ವೇರನ್ನು ಪುಕ್ಕಟೆ ಬಳಸುತ್ತಿದ್ದ. ಆ್ಯಂಡ್ರೂ ಟ್ರಿಜೆಲ್ ಎಂಬ ಇನ್ನೊಬ್ಬ ಜಾಣ ಅದರ ಗುಟ್ಟು ಬಿಚ್ಚಲು ಹೋದ. ಕಂಪನಿಯವರು ಸಿಟ್ಟಾಗಿ ಪುಕ್ಕಟೆ ಬಳಕೆ ನಿಲ್ಲಿಸಿದರು. ಲೈನಸ್ ಇದ್ದವುಗಳನ್ನೆಲ್ಲ ನೋಡಿದ, ಯಾವುದೂ ಹಿಡಿಸಲಿಲ್ಲ. ಏಪ್ರಿಲ್ 3ಕ್ಕೆ ಸ್ವತಃ ಕಟ್ಟಲು ಕುಳಿತ. 7ನೇ ತಾರೀಖಿಗೆ ಅವನ ಗಿಟ್ ತನ್ನ ಇತಿಹಾಸವನ್ನು ತಾನೇ ಇಟ್ಟುಕೊಳ್ಳುವಷ್ಟು ದೊಡ್ಡದಾಗಿತ್ತು. ಜೂನ್ ತಿಂಗಳಲ್ಲಿ ಲಿನಕ್ಸಿನ ಹೊಸ ಆವೃತ್ತಿಯೇ ಅದರ ಮೇಲೆ ಹೊರಬಂತು. ಜುಲೈ ಹೊತ್ತಿಗೆ ಜುನಿಯೊ ಹಮಾನೊ ಎಂಬವನ ಕೈಗೆ ಗಿಟ್ ಒಪ್ಪಿಸಿ ತನ್ನ ಹಳೆಯ ಕೆಲಸಕ್ಕೆ ಮರಳಿದ.

ಈ ಕಥೆ ಮುಗಿದಾಗ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಬೆರಳು ಮಡಿಚಿ ಎಣಿಸಿದ.

“ಅಂವ ನಾಕೈದ ದಿನದಾಗ ಹೊಸಾದ ಕಟ್ಟಿದ. ನೀ ಕಟ್ಟಿಟ್ಟದ್ರಾಗ ಒಂದ ಆರಸಾಕತ್ತಿ ಸೀಗಿ ಹುಣ್ಣಿವಿ ಬಂತಲ್ಲೋ ತಮ್ಮಾ.”

“ಅಂವ ಲೈನಸ್ ಅದಾನ್ರಿ ಕಾಕಾ. ನಾವ ವಿಚಾರ ಮಾಡಿ ಹೆಜ್ಜಿ ಇಡಬೇಕು.”

ಮನೆಯಲ್ಲಿ ಅವ್ವನ ಕಷ್ಟ ಬೇರೆ. ಮಗ ರಾತ್ರಿ ಫೋನಿನಲ್ಲಿ ಗೆಳೆಯನೊಂದಿಗೆ ಗಿಟ್‌ನಂಥದೇ ಇನ್ನೊಂದು ಏರ್ಪಾಡಿನ ಬಗ್ಗೆ, “ಮರ್ಕ್ಯುರಿಯಲ್ ಸ್ವಭಾವದಾಗ ಗಿಟ್‌ಗಿಂತ ಭಾಳ ಸಮಾಧಾನ. ಆದ್ರ ಮಂದಿ ಎಲ್ಲಾ ಬಿಟ್ರು ನೋಡು. ಒಮ್ಮೆ ಕಟಗೊಂಡ ಮ್ಯಾಲೆ ಹತ್ತು ವರ್ಷ ಬಿಡಾಕ ಬರಂಗಿಲ್ಲ, ಪೂರಾ ವಿಚಾರ ಮಾಡಬೇಕು” ಎನ್ನುವುದು ಅಡುಗೆಮನೆಗೆ ಕೇಳಿಸುತ್ತದೆ. ನಮ್ಮ ಕಡೆ ಗಂಡುಮಕ್ಕಳಿಗೆ ಕನ್ಯಾ ಸಿಗುವುದೇ ದುರ್ಲಭವಾದ ಈ ಕಾಲದಲ್ಲಿ ಆ ತಾಯಿ ನೆರೆಮನೆಯವರ ಎದುರು ಹೇಳಿಕೊಂಡದ್ದರಲ್ಲಿ ತಪ್ಪಿಲ್ಲ: “ಎರಡ ಕಡೆ ನೋಡ್ಯಾನಂತ ಕಾಣತೈತಿ. ಒಂದರ ಹೆಸರ ನಮ್ಮವರದಲ್ಲ ಬಿಡ್ರಿ.”

ಅವನ ಎದುರು ಪಟ್ಟಾಗಿ ಕುಳಿತು ವಿಷಯವನ್ನು ಬುಡಸಮೇತ ಹಿಡಿದವರು ಒಬ್ಬರೇ: ತಲಾಠಿ ಅಜ್ಜಾರು. ಈಗ ಆ ಹುದ್ದೆಗೆ ಬೇರೆ ಬೇರೆ ಹೆಸರು ಬಂದಿವೆ, ನಮ್ಮ ಕಡೆ ಹಳಬರ ಬಾಯಲ್ಲಿ ತಲಾಠಿ ತಲಾಠಿಯೇ. ನಿವೃತ್ತರಾದ ಮೇಲೆ ಅಜ್ಜಾರು ಪೇಪರ್ ಓದಲು ಕಾಕಾನ ಅಂಗಡಿಗೆ ಬರುತ್ತಾರೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಎರಡು ಕೋಟಿ ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಉತಾರಗಳು, ಕಂಪ್ಯೂಟರಿಗೆ ಹೋದವಲ್ಲ, ಆಗ ಪ್ರಿಂಟಾಗಿ ಬಂದ ಹಾಳೆಗಳನ್ನು ಕೈಬರಹದ ದಫ್ತರದೊಂದಿಗೆ ಸಾಲುಸಾಲಾಗಿ ತಾಳೆ ನೋಡಿದ ಪೀಳಿಗೆ ಅವರದು. ಪೇಪರ್ ಮಡಿಚಿಟ್ಟು ಒಂದು ದಿನ ಕೇಳಿದರು.

“ಅಲ್ಲಪಾ, ಇಷ್ಟ ದಿನಾ ಕೇಳಾಕತ್ತೇನಿ. ಅದು ಮಾಡೂದರ ಏನು?”

“ಯಾರು, ಯಾವಾಗ, ಏನ್ ತಿದ್ದಿದ್ರು, ಯಾಕ ತಿದ್ದಿದ್ರು, ಎಲ್ಲಾ ಬರದ ಇಡತೈತ್ರಿ ಅಜ್ಜಾರ. ಹಳೇದು ಅಳಸಂಗಿಲ್ಲ. ಮ್ಯಾಲೆ ಹೊಸಾದ ಕೂಡಸ್ಕೊಂತ ಹೋಗೂದು.”

“ಅಂದ್ರ ಉತಾರ.”

ಇಂಜಿನಿಯರ್ ನಕ್ಕ. ಅಜ್ಜಾರು ನಗಲಿಲ್ಲ. ಅವರು ಹೇಳಿದ್ದನ್ನು ಕೇಳುತ್ತ ಹೋದಂತೆ ಅವನ ನಗೆಯೂ ಸಣ್ಣದಾಯಿತು. ಒಂದು ಸರ್ವೆ ನಂಬರಿಗೆ 9ನೇ ಕಾಲಮಿನಲ್ಲಿ ಮಾಲಕನ ಹೆಸರು. ಅದು ಅವನಿಗೆ ಹೇಗೆ ಬಂತು, ವಾರಸಾ ಪ್ರಕಾರವೋ, ವಾಟ್ನಿಯೋ, ಖರೀದಿಯೋ, ಅದರ ನಂಬರು 10ರಲ್ಲಿ. ಸೊಸಾಯಿಟಿ ಸಾಲದ ಬೋಜಾ 11ರಲ್ಲಿ. ಹೆಸರು ಬದಲಾಗಬೇಕೆಂದರೆ ಸುಮ್ಮನೆ ತಿದ್ದುವಂತಿಲ್ಲ. ಮೊದಲು ನೋಟಿಸು ಅಂಟಿಸಬೇಕು, ತಕರಾರು ಇದ್ದವರು ಬರಬೇಕು, ಅದು ತೀರಿದ ಮೇಲೆ ಮೇಲಿನವರು ಸಹಿ ಮಾಡಬೇಕು. “ನಿಮ್ಮದ್ರಾಗ ತಕರಾರಿಗೆ ಜಾಗಾ ಐತೇನು?” ಐತಿ ಎಂದು ಅವನು ಒಪ್ಪಿಕೊಂಡ. ಅದಕ್ಕೆ ಪುಲ್ ರಿಕ್ವೆಸ್ಟ್ ಅನ್ನುತ್ತಾರೆ.

“ಹೊಲಾ ಒಡದ್ರ?”

“ಬ್ರಾಂಚ್ ಮಾಡ್ತೀವ್ರಿ.”

“ಹಿಸ್ಸಾ ನಂಬರ್. ಹೂಂ.”

“ಆಮ್ಯಾಲೆ ಅದನ್ನ ತಿರುಗಿ ಕೂಡಸ್ತೀವ್ರಿ. ಮರ್ಜ್ ಅಂತಾರ. ದಿನಾ ಮಾಡ್ತಾರ.”

ಅಜ್ಜಾರು ಕನ್ನಡಕ ತೆಗೆದರು. “ದಿನಾ?”

“ದಿನಾ.”

“ನನ್ನ ಇಡೀ ನೌಕರ್ಯಾಗ ಅಣ್ಣತಮ್ಮರು ಒಡದ ಹೊಲಾ ತಿರುಗಿ ಕೂಡಿಸಿದ್ದು ಕಂಡಿಲ್ಲಪಾ ನಾ. ಯಾವ ಊರ ಮಂದಿ ಅವ್ರು?”

ಇಬ್ಬರೂ ಒಂದೇ ಸಾಲು ತಿದ್ದಿದರೆ ಕಾನ್‌ಫ್ಲಿಕ್ಟ್ ಆಗುತ್ತದೆ, ಆಗ ಕುಳಿತು ಬಗೆಹರಿಸಬೇಕು ಎಂದು ಇವನು ಸೇರಿಸಿದ. ಅದು ಬದುವಿನ ಜಗಳ, ಅದಕ್ಕೆ ಸರ್ವೆಯವರು ಬೇಕು ಎಂದು ಅಜ್ಜಾರು ಪೂರ್ತಿಗೊಳಿಸಿದರು. ಎಲ್ಲ ಸುಸೂತ್ರ ಸಾಗಿತ್ತು. ಹುಮ್ಮಸ್ಸಿನಲ್ಲಿ ಇವನು ರೀಬೇಸ್ ವಿಷಯ ತೆಗೆದ. ಇತಿಹಾಸ ಅಂಕುಡೊಂಕಾಗಿ ಕಂಡರೆ ಅದನ್ನೇ ಹೊಸದಾಗಿ ಬರೆದು, ಮೊದಲಿಂದಲೂ ನೆಟ್ಟಗೇ ಇತ್ತು ಎನ್ನುವಂತೆ ಮಾಡಬಹುದು, ಬಹಳ ಮಂದಿ ಹಾಗೆ ಮಾಡುತ್ತಾರೆ ಎಂದ. ಅಜ್ಜಾರ ಮುಖ ಕೆಂಪಾಯಿತು.

“ಹಳೇ ನೋಂದು ಹೊಸಾದಾಗಿ ಬರದು, ಮೊದಲಿಂದ ಹಿಂಗ ಇತ್ತು ಅನ್ನೂದು?”

“ಚೊಕ್ಕ ಕಾಣತೈತ್ರಿ.”

“ನಮ್ಮ ಕಾಲದಾಗ ಸಸ್ಪೆಂಡ್ ಮಾಡ್ತಿದ್ರು.”

ಅಜ್ಜಾರ ಕೊನೆಯ ಪ್ರಶ್ನೆ ಇನ್ನೂ ಕಠಿಣ. ಸಬ್‌ವರ್ಷನ್ ಎಂಬ ಇನ್ನೊಂದು ಏರ್ಪಾಡಿನಲ್ಲಿ ಅಸಲು ದಫ್ತರ ಒಂದೇ ಕಡೆ, ಸರ್ವರಿನಲ್ಲಿ. ಉಳಿದವರು ಅಲ್ಲಿಗೆ ಹೋಗಿ ಬರೆಯಬೇಕು. ಗಿಟ್‌ನಲ್ಲಿ ಪ್ರತಿಯೊಬ್ಬನ ಹತ್ತಿರವೂ ಮೊದಲಿನಿಂದ ಕೊನೆಯವರೆಗಿನ ಇಡೀ ದಫ್ತರವಿರುತ್ತದೆ. ಇದನ್ನು ಕೇಳಿ, “ಎಲ್ಲಾರ ಮನ್ಯಾಗೂ ಪೂರಾ ದಫ್ತರ ಇದ್ರ, ಖರೇ ಯಾವದು?” ಅಂದರು. ಎಲ್ಲವೂ ಖರೆಯೇ, ಯಾವುದನ್ನು ಅಸಲು ಅನ್ನಬೇಕೆಂದು ಮಂದಿ ಕೂಡಿ ಒಪ್ಪಿಕೊಳ್ಳುತ್ತಾರೆ ಎಂದು ಇವನು ಹೇಳಿದ. ತಾಂತ್ರಿಕವಾಗಿ ಬಹಳ ಸರಿಯಾದ ಉತ್ತ‌ರ. ಅಜ್ಜಾರು ಪೇಪರ್ ಬಿಚ್ಚಿಕೊಂಡರು. “ಹಂಗಾರ ಇದು ಹೈಕೋರ್ಟಿನ ತನಾ ಹೋಗತೈತಿ,” ಅಂದು ಮರಣವಾರ್ತೆಯ ಪುಟಕ್ಕೆ ತಿರುಗಿದರು.

ಇಂಥವನು ಅಣ್ಣಿಗೇರಿಯಲ್ಲಿ ಒಬ್ಬನೇ ಇದ್ದಾನೆಂದು ಬೇರೆ ತಾಲೂಕಿನವರು ಬೀಗಬೇಕಾಗಿಲ್ಲ. ಕುಂದಗೋಳದ ತಳಿ ಸ್ವಲ್ಪ ಹಿರಿಯದು, ಪುಣೆಯಲ್ಲಿ ಪಳಗಿದ್ದು, ಸಬ್‌ವರ್ಷನ್ ನಂತರ ಏನೂ ಚಲೋದು ಬರಲಿಲ್ಲ ಎಂದು ನಂಬಿದ್ದು. 2007ರಲ್ಲಿ ಗೂಗಲ್ ಕಚೇರಿಯಲ್ಲಿ ಭಾಷಣ ಮಾಡಿದ ಲೈನಸ್ ಆ ಸಬ್‌ವರ್ಷನ್ನನ್ನು ಅರ್ಥವೇ ಇಲ್ಲದ ಉದ್ಯೋಗವೆಂದು ಮುಖಕ್ಕೆ ಹೊಡೆದಂತೆ ಹೇಳಿದ್ದನ್ನು ಇವರು ಇನ್ನೂ ಕ್ಷಮಿಸಿಲ್ಲ. ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡ ಊರು. ಗುರುವನ್ನು ಬದಲಾಯಿಸುವುದು ಅಲ್ಲಿ ಸುಲಭವಲ್ಲ. ನವಲಗುಂದದವನದು ಫಾಸಿಲ್. ನಮ್ಮ ನಿಮ್ಮೆಲ್ಲರ ಮೊಬೈಲಿನೊಳಗಿರುವ ಎಸ್‌ಕ್ಯುಲೈಟ್ ಕಟ್ಟಿದ ರಿಚರ್ಡ್ ಹಿಪ್ ತನ್ನ ಕೆಲಸಕ್ಕೆಂದು ಮಾಡಿಕೊಂಡದ್ದು. ಇಡೀ ಇತಿಹಾಸ, ದೂರುಪಟ್ಟಿ, ಟಿಪ್ಪಣಿ ಎಲ್ಲವೂ ಒಂದೇ ಕಡತದಲ್ಲಿ. ನನಗೂ ಅದು ಹಿಡಿಸುತ್ತದೆ, ಆದರೆ ಅದರ ಬಗ್ಗೆ ಮಾತಾಡಲು ನವಲಗುಂದದವನಿಗೆ ಜೊತೆ ಸಿಕ್ಕಿಲ್ಲ. ಕಲಘಟಗಿಯವನ ವಿಷಯ ಕೇಳಲೇಬೇಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆಯನ್ನು ತೊಟ್ಟಿಲಿಗೇ ಹೆಸರಾದ ಆ ಊರಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಈ ನಾಲ್ವರೂ ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಕೂಡುತ್ತಾರೆ. ಇವರ ವಾದಕ್ಕೆ ಕೊನೆಯಿಲ್ಲದಂತೆ ಮಾಡಿದ್ದು ಪೈಥಾನ್‌ನವರು. ಪೈಥಾನ್ ಭಾಷೆಯನ್ನು ನೋಡಿಕೊಳ್ಳುವವರು ಸಬ್‌ವರ್ಷನ್ ಬಿಡಬೇಕೆಂದು ಯೋಚಿಸಿ, ಬಝಾರ್, ಗಿಟ್, ಮರ್ಕ್ಯುರಿಯಲ್ ಮೂರನ್ನೂ ಎದುರಿಗಿಟ್ಟುಕೊಂಡು, ಯಾವ ಕೆಲಸ ಯಾವುದರಲ್ಲಿ ಹೇಗೆ ಆಗುತ್ತದೆಂದು ಉದ್ದನೆಯ ದಸ್ತಾವೇಜು ಬರೆದು, 2009ರಲ್ಲಿ ಮರ್ಕ್ಯುರಿಯಲ್ ಎಂದು ಠರಾಯಿಸಿದರು. ಸಾಮಾನು ಸಾಗಿಸಿ ಮುಗಿಸುವ ಹೊತ್ತಿಗೆ 2011. ಅಷ್ಟೆಲ್ಲ ಮಾಡಿ 2017ರಲ್ಲಿ ಗಂಟುಮೂಟೆ ಕಟ್ಟಿ ಗಿಟ್‌ಗೆ, ಗಿಟ್‌ಹಬ್‌ಗೆ ಹೋದರು. ಮರ್ಕ್ಯುರಿಯಲ್ ಇಟ್ಟುಕೊಂಡವರಿಗೆ ಆಸರೆಯಾಗಿದ್ದ ಬಿಟ್‌ಬಕೆಟ್ ಕೂಡ 2020ರಲ್ಲಿ ಅದರ ಬಾಗಿಲು ಮುಚ್ಚಿತು. ಇದರಿಂದ ಸಾಮಾನ್ಯ ಮನುಷ್ಯ ಕಲಿಯುವ ಪಾಠ ಒಂದಾದರೆ ನಮ್ಮವನು ಕಲಿತದ್ದು ಬೇರೆ.

“ನೋಡ್ರಿ, ಪೈಥಾನ್‌ನವರು ಗಡಿಬಿಡಿ ಮಾಡಿದ್ರು.”

ಗಿಟ್ ಎಲ್ಲರಿಗಿಂತ ಸುಲಭವಾಗಿದ್ದರಿಂದ ಗೆದ್ದಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದರ ಆಜ್ಞೆಗಳು ಹಳೆಯ ಕೋರ್ಟು ಕಾಗದದ ಭಾಷೆಯಲ್ಲಿವೆ. ಗೆದ್ದದ್ದು ಮಂದಿ ಇದ್ದಲ್ಲಿ ಮಂದಿ ಹೋಗುವುದರಿಂದ. 2008ರಲ್ಲಿ ಗಿಟ್‌ಹಬ್ ಬಂತು, ಎಲ್ಲರೂ ಅಲ್ಲಿ ನೆರೆದರು. ಒಂದು ಕಾಲಕ್ಕೆ ತನ್ನದೇ ಬೇರೆ ಏರ್ಪಾಡು ಮಾರುತ್ತಿದ್ದ ಮೈಕ್ರೋಸಾಫ್ಟ್ 2018ರಲ್ಲಿ 750 ಕೋಟಿ ಡಾಲರ್ ಕೊಟ್ಟು ಗಿಟ್‌ಹಬ್ಬನ್ನೇ ಕೊಂಡಿತು. ನಮ್ಮ ಎರಿ ನಾಡಿಗೆ ಇನ್ನೊಂದು ಕಾರಣವೂ ಇದೆ. ಬೆಣ್ಣಿಹಳ್ಳದ ಆಚೆ ಹೊಲದಲ್ಲಿ ನಿಂತರೆ ಮೊಬೈಲಿನಲ್ಲಿ ಒಂದು ಕಡ್ಡಿ ಬರುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ. ಪ್ರತಿ ತಿದ್ದುಪಡಿಗೂ ಸರ್ವರಿಗೆ ಫೋನ್ ಹಚ್ಚಬೇಕಾದ ಸಬ್‌ವರ್ಷನ್ ಇಲ್ಲಿ ನಡೆಯುವುದಿಲ್ಲ. ದಫ್ತರ ಕೈಯಲ್ಲೇ ಇರುವ ಗಿಟ್ ಆದರೆ ನೆಟ್‌ವರ್ಕ್ ಬಂದಾಗ ಕಳಿಸಿದರಾಯಿತು. ಅಂದರೆ ಈ ಆಯ್ಕೆ ಒಂದು ಚಹಾ ಆರುವುದರೊಳಗೆ ಮುಗಿಯುವಂಥದು. ತಮಾಷೆಯೆಂದರೆ, ಈ ನಾಲ್ಕು ಮಾತುಗಳಲ್ಲಿ ಒಂದೂ ನನ್ನದಲ್ಲ. ಎಲ್ಲವನ್ನೂ ನನಗೆ ಹೇಳಿಕೊಟ್ಟವನು ಅವನೇ.

ಉದ್ರಿ ಸಾಫ್ಟ್‌ವೇರ್ ಕೊನೆಗೂ ಆಯಿತು. ಮಾಡಿದ್ದು ಕಾಕಾನ ಮಗಳು. ಹುಬ್ಬಳ್ಳಿಯಲ್ಲಿ ಬಿಸಿಎ ಓದುತ್ತಾಳೆ, ಪಾಸು ಮಾಡಿಸಿಕೊಂಡು ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ಕೊನೆಯ ವರ್ಷಕ್ಕೆ ಏನಾದರೊಂದು ಪ್ರಾಜೆಕ್ಟ್ ತೋರಿಸಬೇಕಿತ್ತು, ಅಪ್ಪನ ಉದ್ರಿ ಎದುರಿಗೇ ಇತ್ತು. ಯಾವ ವರ್ಷನ್ ಕಂಟ್ರೋಲ್ ಎಂದು ಅಣ್ಣ ಗಾಬರಿಯಿಂದ ಕೇಳಿದ್ದಕ್ಕೆ, “ಸರ್ ಗಿಟ್ ಅಂದ್ರು, ಗಿಟ್ ಹಾಕೇನ್ಯಣ್ಣಾ” ಅಂದಳು. ರೈಲು ಹೆಬಸೂರು ದಾಟುವುದರೊಳಗೆ ಮುಗಿದ ಕೆಲಸ. ಅದು ಬಹಳ ಚೆಂದದ ಸಾಫ್ಟ್‌ವೇರೇನಲ್ಲ. ಗುಂಡಿಗಳೆಲ್ಲ ಬಾಡಿಗೆಯ ಪೆಂಡಾಲಿನ ಬಣ್ಣ. ಕಮಿಟ್ ಮಾಡುವಾಗ ಬರೆಯುವ ಟಿಪ್ಪಣಿಗಳಂತೂ ಹೀಗಿದ್ದವು: ‘ಯೂರಿಯಾದ ಐವತ್ತ ಪೈಸೆ ಬಿಟ್ಟಿತ್ತು, ಹಾಕಿದೆ’, ‘ಅಪ್ಪ ಬೈದಿದ್ದಕ್ಕ ತಿದ್ದಿದ್ದು’, ‘ಅಪ್ಪಂದ ತಪ್ಪಿತ್ತು, ಮೊದಲಿನಂಗ ಮಾಡಿದ್ದು’. ಅಣ್ಣ ಅವನ್ನು ಓದಿ, ಟಿಪ್ಪಣಿಯ ಮೊದಲ ಸಾಲು ಐವತ್ತು ಅಕ್ಷರ ಮೀರಬಾರದೆಂದು ತಿಳಿಸಿದ.

ಆದರೂ ಒಂದು ದಿನ ಅವನೇ ಬೇಕಾಯಿತು. ಕಡತಗಳಿಗೆ ಅವಳು ಕನ್ನಡದಲ್ಲೇ ಹೆಸರಿಟ್ಟಿದ್ದಳು. ಏನೇನು ಬದಲಾಗಿದೆ ಎಂದು ಗಿಟ್ ಅನ್ನು ಕೇಳಿದರೆ ‘ಉದ್ರಿ’ ಎಂದು ಇರಬೇಕಾದಲ್ಲಿ 340, 262, 211, 340, 262, 246 ಎಂದು ಅಂಕಿಗಳ ಸಾಲೇ ಬಂದು ನಿಂತಿತು. ಕಾಕಾ ಹಿಂದಿನಿಂದ ಬಗ್ಗಿ ನೋಡಿದ.

“ಯಾರ ಬಾಕಿ ಇವು? ಮುನ್ನೂರಾ ನಲವತ್ತು, ಇನ್ನೂರಾ ಅರವತ್ತೆರಡು… ಇಷ್ಟಿಷ್ಟ ಉಳದಿದ್ರ ದೇವರ ದೊಡ್ಡಾವ.”

ಮಗಳು ಅಳುವುದೊಂದು ಬಾಕಿ. ಇಂಜಿನಿಯರ್ ಬಂದ, ನೋಡಿದ, ‘ಕೋರ್ ಕೋಟ್‌ಪಾತ್’ ಎಂಬುದೊಂದನ್ನು ‘ಫಾಲ್ಸ್’ ಮಾಡಿದ. ಅಂಕಿಗಳು ಹೋಗಿ ‘ಉದ್ರಿ’ ಅಚ್ಚುಕಟ್ಟಾಗಿ ಬಂದು ಕುಳಿತಿತು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಕಂಪ್ಯೂಟರಿನೊಳಗೆ ಮೂರು ಬೈಟ್ ಹಿಡಿಯುತ್ತದೆ, ಇಂಗ್ಲಿಷಲ್ಲದ ಬೈಟ್ ಕಂಡರೆ ಗಿಟ್ ಅದನ್ನು ಎಂಟರ ಲೆಕ್ಕದ ಅಂಕಿ ಮಾಡಿ ತೋರಿಸುತ್ತದೆ, ಬೇಡವೆಂದು ಹೇಳಿದರೆ ಬಿಡುತ್ತದೆ ಎಂದು ವಿವರಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಮನುಷ್ಯನಿಗೆ ಎಷ್ಟು ಗೊತ್ತು ಎಂದು ಆಶ್ಚರ್ಯಪಡುವಷ್ಟರಲ್ಲಿ ಅವನು ವಿಂಡೋಸ್‌ಗೂ ಲಿನಕ್ಸ್‌ಗೂ ಸಾಲು ಮುಗಿಯುವ ಗುರುತು ಬೇರೆಯೆಂಬ ವಿಷಯಕ್ಕೆ ಹೋಗಿದ್ದ. ಕಾಕಾ ಅಂಗಡಿಯ ಶಟರ್ ಅರ್ಧ ಎಳೆದ.

ಸಾಫ್ಟ್‌ವೇರಿನ ನಿಜವಾದ ಪರೀಕ್ಷೆ ಆದದ್ದು ಸಂತೆಯ ದಿನ. ಹಿಂದಿನ ರಾತ್ರಿ ಹುಡುಗಿ ಮುಂಗಾರಿ ಉದ್ರಿ, ಹಿಂಗಾರಿ ಉದ್ರಿ ಬೇರೆ ಬೇರೆ ಕಾಣಲೆಂದು ಏನೋ ತಿದ್ದಿ ಮಲಗಿದ್ದಳು. ಮುಂಜಾನೆ ಕಾಕಾ ಮೊದಲ ಗಿರಾಕಿಯ ಖಾತೆ ತೆಗೆದರೆ ಬಾಕಿ ಸೊನ್ನೆ. ಎರಡನೆಯವನದೂ ಸೊನ್ನೆ. ಇಡೀ ಪೇಟೆಯದೂ ಸೊನ್ನೆ. ಸುದ್ದಿ ಸಂತೆಗೆ ಹಬ್ಬಲು ಎಷ್ಟು ಹೊತ್ತು? ವರ್ಷಗಟ್ಟಲೆ ಅಂಗಡಿಯ ಎದುರಿನ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದವರೆಲ್ಲ ನೆಟ್ಟಗೆ ಅಂಗಡಿಗೇ ಬಂದರು. “ಕಾಕಾ ಸಾಲಾ ಮನ್ನಾ ಮಾಡ್ಯಾರಂತ” ಎಂದು ಒಬ್ಬ ತೆಂಗಿನಕಾಯಿ ತಂದ. ಸರ್ಕಾರ ಮಾಡದ್ದನ್ನು ಕಾಕಾ ಮಾಡಿದರೆಂದು ಇನ್ನೊಬ್ಬ ಕಾಲಿಗೆ ಬಿದ್ದ. ಕಾಕಾನ ಬಾಯಿಂದ ಮಾತು ಹೊರಡಲಿಲ್ಲ. ಅದನ್ನೂ ಮಂದಿ ದೊಡ್ಡವರ ಸಣ್ಣತನವಿಲ್ಲದ ಮೌನವೆಂದೇ ತಿಳಿದರು. ರೈಲಿನಲ್ಲಿದ್ದ ಮಗಳಿಗೆ ಫೋನ್ ಹೋಯಿತು. ಅವಳು ಅಂಗಡಿಯ ಹುಡುಗನಿಗೆ ಒಂದೊಂದೇ ಅಕ್ಷರ ಹೇಳಿ ಒಂದು ಸಾಲು ಟೈಪ್ ಮಾಡಿಸಿದಳು. ರಾತ್ರಿಯ ತಿದ್ದುಪಡಿ ಹಿಂದಕ್ಕೆ ಹೋಯಿತು, ಬಾಕಿಗಳೆಲ್ಲ ತಂತಮ್ಮ ಹೆಸರಿನ ಮುಂದೆ ತಿರುಗಿ ಬಂದು ನಿಂತವು. ತೆಂಗಿನಕಾಯಿ ತಂದವನು ಅದನ್ನು ಚೀಲಕ್ಕೆ ಹಾಕಿಕೊಂಡ.

ಅಂದು ಸಂಜೆಯಿಂದ ಕಾಕಾನಿಗೆ ಆ ಸಾಫ್ಟ್‌ವೇರಿನ ಮೇಲೆ ಭಕ್ತಿಯೇ ಹುಟ್ಟಿತು. ಊರಿನವರೆಲ್ಲರ ಬಾಕಿ ಪ್ರಿಂಟ್ ತೆಗೆಸಿ ಹಂಚತೊಡಗಿದ. ಇಂಜಿನಿಯರ್ ಬಂದದ್ದು ಅದೇ ಹೊತ್ತಿಗೆ, ಒಳ್ಳೆಯ ಉದ್ದೇಶದಿಂದಲೇ.

“ಕಾಕಾ, ಜುಜುಟ್ಸು ಅಂತ ಹೊಸಾದೊಂದ ಬಂದೈತ್ರಿ. ಗಿಟ್‌ನ ಮ್ಯಾಲೇನ ಕುಂದರತೈತಿ, ತಪ್ಪ ಆದ್ರ ಸೀದಾ ಹಿಂದಕ ಬರಾಕ ಭಾಳ ಸರಳ. ಈಗ ಇದ್ದದ್ದ ಗಡಿಬಿಡಿಲೇ ಆಗೈತಿ. ಎಳ್ಳ ಅಮಾಸಿ ತನಾ ಅದನ್ನ ನೋಡಿ, ಆಮ್ಯಾಲೆ ಬದಲಾಯಿಸೂಣು.”

ಕಾಕಾ ಕಟ್ಟಿನಿಂದ ಒಂದು ಹಾಳೆ ಎಳೆದು ಕೈಗೆ ಕೊಟ್ಟ. ಇವನದೇ ಹೆಸರು. ಎರಡು ಚೀಲ ಡಿಎಪಿ, 1350ರಂತೆ 2700. ಒಂದು ಕೈಪಂಪು. ಹಿಂದೊಮ್ಮೆ ಒಕ್ಕಲುತನ ಶುರು ಮಾಡುತ್ತೇನೆಂದು ಒಯ್ದದ್ದು.

“ಇದ ಬಗ್ ಇರಬೇಕ್ರಿ,” ಅಂದ.

ತಂಗಿ ಲ್ಯಾಪ್‌ಟಾಪನ್ನೇ ಅವನ ಕಡೆ ತಿರುಗಿಸಿದಳು. ಜೀವನದಲ್ಲಿ ಮೊದಲ ಸಲ ಅವನು ಸ್ವಂತ ಗರಜಿಗೆ ಆ ಸಾಫ್ಟ್‌ವೇರಿಗೆ ಕೈ ಹಚ್ಚಿದ. ಒಂದೊಂದೇ ಕಮಿಟ್ ಹಿಂದಕ್ಕೆ ಹೋದ. ಐವತ್ತು ಪೈಸೆ ಹಾಕಿದ್ದರಲ್ಲೂ ಇತ್ತು. ಅಪ್ಪ ಬೈದಿದ್ದರಲ್ಲೂ ಇತ್ತು, ಅಪ್ಪಂದ ತಪ್ಪಿದ್ದರಲ್ಲೂ ಇತ್ತು. ಬಣ್ಣ ಹಾಕುವ ಮೊದಲಿನ ಬೋಳು ಪರದೆಯಲ್ಲೂ ಅದೇ 2700, ಅದೇ ಕೈಪಂಪು.

“ಯಾವ ವರ್ಷನ್ನಿನ್ಯಾಗ ಬಂತಿದು?”

“ಎಲ್ಲಾದ್ರಾಗೂ ಐತ್ಯಣ್ಣಾ.”

ಮತ್ತೆ ಮುಂದಕ್ಕೆ ಬಂದ, ನಿಧಾನವಾಗಿ. ಸಂತೆಯ ಹಿಂದಿನ ರಾತ್ರಿಯ ಕಮಿಟ್ ಹತ್ತಿರ ಕೈ ನಿಂತಿತು. ಪರದೆಯನ್ನು ಕಾಕಾನ ಕಡೆ ತಿರುಗಿಸಿದ.

“ಕಾಕಾ, ಇನ್ನ ವಿಚಾರ ಮಾಡೂದ ಬ್ಯಾಡ. ಇದ ಛಲೋ ಐತಿ. ಇದನ್ನ ಇಟ್ಕೊಳ್ರಿ.”